ನಾಲ್ಕನೇ ಗುಳ್ಳೆ

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ.

ಸಮುದ್ರದಿಂದ ಶುರು ಮಾಡೋಣ ಅಂತ ಕೂತೆ. "ಯುಗಯುಗಗಳ ಹಿಂದೆ, ಕಡಲ ಗರ್ಭದಲ್ಲಿ" ಅಂತ ಒಂದು ಸಾಲು ಬರೆದು ನಾನೇ ಗಟ್ಟಿಯಾಗಿ ಓದಿಕೊಂಡೆ. ಮೈ ಪರಚಿಕೊಳ್ಳುವ ಹಾಗಾಯಿತು. ಕಡಲ ಗರ್ಭವಂತೆ! ನಾನು ಸಮುದ್ರಕ್ಕೆ ಇಳಿದದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಪ್ಯಾಂಟು ಮಡಚಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಮೊಣಕಾಲಿನ ತನಕ. ಆ ಸಾಲು ಹೊಡೆದು ಹಾಕಿದೆ.

ಎರಡನೇ ಸಲ ಗಾಜಿನ ತೊಟ್ಟಿಯಿಂದ ಶುರು ಮಾಡಿದೆ. ನಾಲ್ಕಡಿ ಉದ್ದ, ಎರಡಡಿ ಎತ್ತರ, ಉಪ್ಪುನೀರು, ನೀಲಿ ದೀಪ, ಬದಿಯಲ್ಲಿ ಗುಂಯ್ ಅನ್ನುವ ಪಂಪು. ಓದಿ ನೋಡಿದರೆ ಅಂಗಡಿಯವನ ಜಾಹೀರಾತು. ಅದನ್ನೂ ಹೊಡೆದು ಹಾಕಿದೆ. (ಆದರೆ ನೀವು ಓದಿಬಿಟ್ಟಿರಿ. ತೊಟ್ಟಿ ಹೇಗಿದೆ ಅಂತ ಗೊತ್ತಾಯಿತು. ಹೊಡೆದು ಹಾಕಿದ ಸಾಲಿನಿಂದಲೂ ಕೆಲಸ ತೆಗೆಯೋದು ನಮ್ಮ ಕಸುಬಿನ ಗುಟ್ಟು.)

ಮೂರನೇ ಸಲ ಒಂದು ಕೂಗಿನಿಂದ ಶುರು ಮಾಡಿದೆ. ಕೂಗಿನಿಂದ ಶುರುವಾದ ಕಥೆಯನ್ನು ಯಾರೂ ಅರ್ಧಕ್ಕೆ ಬಿಡಲ್ಲ. ಬಿಡುವವರು ಇಷ್ಟೊತ್ತಿಗೆ ಬಿಟ್ಟಾಗಿದೆ, ಅವರ ಚಿಂತೆ ನಮಗೆ ಬೇಡ.

೧, ಮತ್ತೆ

"ಅಯ್ಯೋ, ಇದೇನ್ರೀ ಇದು!"

ಕೂಗಿದ್ದು ಸ್ಕ್ಯಾನ್ ಅಕ್ಕ. ಆಸ್ಪತ್ರೆಯ ನೆಲಮಹಡಿಯ ಸ್ಕ್ಯಾನಿಂಗ್ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುವವಳು. ರೋಗಿಗಳು, ನರ್ಸುಗಳು, ಕಡೆಗೆ ಅವಳಿಗಿಂತ ಹಿರಿಯ ಡಾಕ್ಟರು ಕೂಡ ಅವಳನ್ನು ಹಾಗೇ ಕರೆಯೋದು. ಹೊಟ್ಟೆಗೆ, ಎದೆಗೆ, ಕುತ್ತಿಗೆಗೆ ತಣ್ಣನೆಯ ಜೆಲ್ ಹಚ್ಚಿ, ಕೈಯಲ್ಲಿ ಹಿಡಿಯುವ ಯಂತ್ರ ಒತ್ತಿ, ಒಳಗೆ ಏನಾದರೂ ಗಂಟು ಕಂಡರೆ ಅದರ ಈ ತುದಿಗೊಂದು ಆ ತುದಿಗೊಂದು ಗುರುತು ಹಾಕಿ, ಇಷ್ಟು ಮಿಲಿಮೀಟರ್ ಅಂತ ಬರೆಯುವುದು ಅವಳ ಕೆಲಸ. ಅದೇನು ಅಂತ ಹೇಳುವುದು ಅವಳ ಕೆಲಸವಲ್ಲ. "ಏನಿದೆ ಅಕ್ಕಾ?" ಅಂತ ಯಾರು ಎಷ್ಟು ಗೋಗರೆದರೂ "ಡಾಕ್ಟರ್ ಹೇಳ್ತಾರೆ" ಅನ್ನೋದೇ ಅವಳ ಉತ್ತರ. ಹೇಳಿ ಹೇಳಿ ನಾಲಿಗೆಗೆ ಅದೆಷ್ಟು ರೂಢಿಯಾಗಿದೆ ಅಂದರೆ, ಒಮ್ಮೆ ಊಟಕ್ಕೆ ಕೂತ ಗಂಡ "ಸಾರಿಗೆ ಉಪ್ಪು ಹಾಕಿದ್ದೀಯಾ?" ಅಂತ ಕೇಳಿದಾಗಲೂ ಅದೇ ಉತ್ತರ ಬಂದಿತ್ತು.

ಗಂಡ ಲಿಫ್ಟ್ ಮೆಕ್ಯಾನಿಕ್. ಈಗ ತೊಟ್ಟಿಯ ಮುಂದೆ ಮಂಡಿಯೂರಿ ಕೂತಿದ್ದ. ಹೆಂಡತಿಯ ಕೂಗಿಗೆ ತಿರುಗಿ ನೋಡಿದವನ ಮುಖ ಇಷ್ಟಗಲ ಅರಳಿತ್ತು.

"ಗುಳ್ಳೆ ಕಣೇ! ಗುಳ್ಳೆ ಬಂದಿದೆ!"

ತೊಟ್ಟಿಯೊಳಗೆ ಒಂದು ಕಲ್ಲು. ಕಲ್ಲಿನ ಮೇಲೆ ಐದು ಅಣಬೆ ಹವಳ. ಹೆಸರಿಗೆ ಹವಳ, ಮೈ ಮಾತ್ರ ಮೆತ್ತಗೆ. ಚಹಾದ ಸಾಸರಿನಷ್ಟು ಅಗಲ, ಚಪ್ಪಟೆ, ಕಂದುಗೆಂಪು. ಅವುಗಳಲ್ಲಿ ದೊಡ್ಡದರ ಮೇಲೆ ಮೂರು ಗುಳ್ಳೆ ಎದ್ದಿದ್ದವು. ಸುಟ್ಟ ಚರ್ಮ ಬೊಬ್ಬೆ ಬಂದ ಹಾಗೆ, ಉಬ್ಬಿಕೊಂಡು, ಒಳಗೆ ನೀರು ತುಂಬಿದಂತೆ ಮಿರುಗುತ್ತ.

"ಗುಳ್ಳೆ ಬಂದ್ರೆ ಕುಣಿಯೋರನ್ನ ಇವತ್ತೇ ನೋಡಿದ್ದು," ಅಂದಳು ಅವಳು. "ಕಾಯಿಲೆ ಇರ್ಬೇಕು. ತೆಗ್ದು ಹಾಕಿ ಮೊದ್ಲು."

"ಕಾಯಿಲೆ ಅಲ್ಲ ಕಣೇ ಪುಣ್ಯಾತ್‌ಗಿತ್ತಿ. ಇದಕ್ಕೆ ಬೌನ್ಸ್ ಅಂತಾರೆ. ಸಾವಿರಕ್ಕೊಂದು ಹವಳಕ್ಕೆ ಬಂದ್ರೆ ಬಂತು. ಹವಳ ಸಾಕೋರು ಇದಕ್ಕೋಸ್ಕರ ಜೀವ ಬಿಡ್ತಾರೆ."

"ಯಾಕೆ ಬರುತ್ತೆ?"

"ಅದು ಯಾರಿಗೂ ಸರಿಯಾಗಿ ಗೊತ್ತಿಲ್ಲ."

"ಯಾಕೆ ಅಂತ ಗೊತ್ತಿಲ್ದೆ ಬೆಳೆಯೋದನ್ನ ನಮ್ಮ ಆಸ್ಪತ್ರೇಲಿ ಯಾರೂ ಒಳ್ಳೇದು ಅನ್ನಲ್ಲ," ಅಂತ ಹೇಳಿ ಅವಳು ಕಾಫಿ ಲೋಟ ಕುಕ್ಕಿ ಒಳಗೆ ಹೋದಳು.

೨

ಲಿಫ್ಟ್ ಮೆಕ್ಯಾನಿಕ್‌ಗಳ ಒಂದು ಅಭ್ಯಾಸ ನಿಮಗೆ ಹೇಳಬೇಕು. ಅವರು ಕಣ್ಣನ್ನು ನಂಬಲ್ಲ. ಲಿಫ್ಟ್ ಎಳೆಯುವ ಉಕ್ಕಿನ ಹಗ್ಗ ಎಷ್ಟು ಸವೆದಿದೆ ಅಂತ ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ, ಅದೇ ಅಳತೆಗೋಲು ಹಿಡಿದು ನೋಡಿ ಕಾರ್ಡಿನಲ್ಲಿ ಬರೆದು ಸಹಿ ಹಾಕುತ್ತಾರೆ. ಹೋದ ತಿಂಗಳಿಗೂ ಈ ತಿಂಗಳಿಗೂ ಇರುವ ವ್ಯತ್ಯಾಸವೇ ಅವರಿಗೆ ಸತ್ಯ.

ಹವಳಕ್ಕೂ ಅದೇ ಶಾಸ್ತ್ರ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಸ್ನಾನಕ್ಕೆ ಮುಂಚೆ ಬನಿಯನ್ನಿನಲ್ಲೇ, ಗಾಜಿನ ಹೊರಮೈಗೆ ಸ್ಟೀಲ್ ಸ್ಕೇಲು ಅಂಟಿಸಿ, ತೊಟ್ಟಿಯ ದೀಪ ತಗ್ಗಿಸಿ, ಮಂಡಿಯೂರಿ, ಗದ್ದ ಮೇಲೆತ್ತಿ, ಒಂದು ಕಣ್ಣು ಮುಚ್ಚಿ ಫೋಟೊ ಹೊಡೆಯುತ್ತಿದ್ದ. ಹಾಗೆ ಇಪ್ಪತ್ತೆರಡು ಭಾನುವಾರ. ಇಪ್ಪತ್ತೆರಡು ಫೋಟೊ.

ಇಪ್ಪತ್ತಮೂರನೇ ಭಾನುವಾರ ಹೆಂಡತಿಯ ಮುಂದೆ ಬಂದು ನಿಂತ. ಕೈ ಕಟ್ಟಿಕೊಂಡು, ರಜಾ ಕೇಳುವವನ ಹಾಗೆ.

"ಒಂದು ಉಪಕಾರ ಮಾಡ್ತೀಯಾ? ನೀನು ದಿನಾ ಗಂಟು ಅಳೀತೀಯಲ್ಲ, ಇವುಗಳನ್ನೂ ಅಳೆದು ಕೊಡೇ. ಯಾವ ಗುಳ್ಳೆ ವಾರಕ್ಕೆ ಎಷ್ಟು ಬೆಳೆದಿದೆ ಅಂತ. ಹವಳದವರ ಗುಂಪಿಗೆ ಕಳಿಸ್ಬೇಕು."

"ಭಾನುವಾರಾನೂ ಗಂಟು ಅಳೀಬೇಕಾ ನಾನು?"

"ಇದು ಒಳ್ಳೇ ಗಂಟು ಕಣೇ. ಅಳೆದ್ರೆ ಯಾರೂ ಅಳಲ್ಲ."

ಅವಳಿಗೆ ನಗು ಬಂತು. ಲ್ಯಾಪ್‌ಟಾಪ್ ಎಳೆದುಕೊಂಡು ಕೂತಳು.

೪

ಮೂರು ಎಲ್ಲಿ ಅಂತೀರಾ? ಮೂರನೇ ಭಾಗದಲ್ಲಿ ಒಬ್ಬ ಕಳ್ಳ ಇದ್ದ. ಅಪರೂಪದ ಹವಳ, ಆದ್ದರಿಂದ ಕಳ್ಳ, ಆದ್ದರಿಂದ ಬೆನ್ನಟ್ಟುವುದು, ಹೀಗೆ ಐದು ಪುಟ ಬರೆದೆ. ಆಮೇಲೆ ಯೋಚನೆ ಬಂತು: ಉಪ್ಪುನೀರಿನಲ್ಲಿ ತೋಳು ಮುಳುಗಿಸಿಕೊಂಡು ನಿಂತ ಕಳ್ಳನನ್ನು ಎಷ್ಟು ಹೊತ್ತು ಗಂಭೀರವಾಗಿ ನೋಡಲು ಸಾಧ್ಯ? ವಾಪಸ್ ಕಳಿಸಿಬಿಟ್ಟೆ. ಪಾಪ, ಕೈ ಒರೆಸಿಕೊಳ್ಳಲು ಒಂದು ಟವೆಲ್ಲೂ ಕೊಡಲಿಲ್ಲ.

ಈಗ ಕೇಳಿ. ಅವಳು ಒಂದೂವರೆ ಗಂಟೆ ಕೂತು ಅಳೆದಳು. ಫೋಟೊ ದೊಡ್ಡದು ಮಾಡಿ, ಗುಳ್ಳೆಯ ಈ ತುದಿ, ಆ ತುದಿ, ಪಕ್ಕದ ಸ್ಕೇಲಿನಲ್ಲಿ ಎಷ್ಟು. ಕೆಲಸ ಅಂತ ಕೂತರೆ ಅವಳದು ಅಚ್ಚುಕಟ್ಟು. ಹಾಳೆಯ ಮೇಲೆ ಸಾಲು ಎಳೆದು ಬರೆದಳು. ಗಂಡನನ್ನು ಕರೆದಳು.

"ಮೊದಲನೇದು ಆರರಿಂದ ಒಂಬತ್ತು ಮಿಲಿಮೀಟರ್. ಎರಡನೇದು ಐದರಿಂದ ಏಳು. ಮೂರನೇದು ಆರಕ್ಕೇ ನಿಂತಿದೆ. ನಾಲ್ಕನೇದು ನೋಡಿ, ಭಲೇ ಜೋರು! ಒಂಬತ್ತನೇ ವಾರದ ತನಕ ಇರ್ಲೇ ಇಲ್ಲ. ಆಮೇಲೆ ನಾಲ್ಕು, ಆರು, ಎಂಟು, ಈಗ ಹನ್ನೊಂದು."

"ನಾಲ್ಕನೇದಾ?" ಅಂದ ಗಂಡ. "ಇರೋದೇ ಮೂರಲ್ಲವೇನೇ?"

"ನಾಲ್ಕಿದೆ. ಬಲಗಡೆ ಅಂಚಲ್ಲಿ. ಸ್ವಲ್ಪ ಮಸುಕಾಗಿದೆ. ನಿಮ್ಮ ಹವಳ ನಿಮಗೇ ಗೊತ್ತಿಲ್ವಾ?"

ಅವನಿಗೆ ಎಲ್ಲಿಲ್ಲದ ಹುರುಪು. ಟಾರ್ಚ್ ಹಿಡಿದು ತೊಟ್ಟಿಯ ಹತ್ತಿರ ಹೋದ. ಮುಂದಿನಿಂದ ನೋಡಿದ. ಬಲಬದಿಯ ಗಾಜಿನಿಂದ ನೋಡಿದ. ಸ್ಟೂಲು ಹತ್ತಿ ಮೇಲಿನಿಂದ ನೋಡಿದ. ಅವಳೂ ಬಂದು ಬಗ್ಗಿದಳು. ಒಂದು, ಎರಡು, ಮೂರು. ಮತ್ತೆ ಎಣಿಸಿದರೂ ಮೂರು. ಬಲಗಡೆಯ ಅಂಚು ನುಣ್ಣಗೆ, ಚಪ್ಪಟೆಯಾಗಿ, ಏನೂ ಇಲ್ಲದೆ ನೀರಿನಲ್ಲಿ ಸುಮ್ಮನೆ ಅಲುಗಾಡುತ್ತಿತ್ತು.

"ನೋಡ್ದ್ಯಾ?" ಗಂಡ ನಕ್ಕ. "ಹತ್ತೊಂಬತ್ತು ವರ್ಷದ ಸರ್ವಿಸ್ಸು! ಯಾವುದೋ ಬಸವನಹುಳ ಅಳೆದುಬಿಟ್ಟಿದ್ದೀಯ."

ಹದಿಮೂರು ವಾರ ಒಂದೇ ಜಾಗದಲ್ಲಿ ಕೂತು ದಪ್ಪಗಾಗುವ ಬಸವನಹುಳ ಇಲ್ಲ. ಅವಳಿಗೆ ಸಿಟ್ಟು ಬಂತು. ವಾಪಸ್ ಬಂದು ಕೂತಳು, ಇಪ್ಪತ್ತೆರಡನೇ ಫೋಟೊ ತೆಗೆದಳು. ಅದೋ ಇದೆ, ನಾಲ್ಕನೇದು. ಮಸುಕು ಮಸುಕು, ಆದರೆ ಗುಂಡಗೆ, ಕಣ್ಣಿಗೆ ಹೊಡೆಯುವ ಹಾಗೆ ಇದೆ. ಆಸ್ಪತ್ರೆಯಲ್ಲಿ ಚಿತ್ರ ಮಂಕಾಗಿ ಬಂದರೆ ಏನು ಮಾಡುತ್ತಾಳೋ ಅದನ್ನೇ ಮಾಡಿದಳು. ಬೆಳಕು ಏರಿಸಿದಳು.

ನೀರು ತಿಳಿಯಾಯಿತು. ಗುಳ್ಳೆಯ ಪಕ್ಕ ಒಂದು ಗೆರೆ ಕಂಡಿತು. ಇನ್ನೂ ಏರಿಸಿದಳು. ಗೆರೆ ಬಾಗಿ ಮೇಲಕ್ಕೆ ಹೋಗಿ ಕಿವಿಯಾಯಿತು.

ಇನ್ನೂ ಏರಿಸಿದಳು. ದವಡೆ. ಬನಿಯನ್ನಿನ ಪಟ್ಟಿ. ಮುಖದ ಮುಂದೆ ಹಿಡಿದ ಕಪ್ಪು ಫೋನು. ಗಾಜಿನ ಮೇಲೆ ಬಿದ್ದ ಗಂಡನ ಪ್ರತಿಬಿಂಬ. ಎತ್ತಿದ ಗದ್ದದ ಕೆಳಗೆ, ಬಲಗಡೆಯ ಕುತ್ತಿಗೆಯಲ್ಲಿ, ಕಿಟಕಿಯ ಬಿಸಿಲು ತಾಗಿ ಹೊಳೆಯುತ್ತಿದ್ದದ್ದು ನಾಲ್ಕನೇ ಗುಳ್ಳೆ.

೫

ಅವಳು ಕೂಗಲಿಲ್ಲ. ಗುಳ್ಳೆ ಕಂಡು ಕೂಗಿದವಳು, ಇದಕ್ಕೆ ಕೂಗಲಿಲ್ಲ. ಕಿವಿಯಲ್ಲಿ ಪಂಪಿನ ಗುಂಯ್ ಒಂದೇ.

ಹದಿಮೂರು ವಾರದ್ದು ಅಳೆದಿದ್ದಾಳೆ. ಭಲೇ ಜೋರು ಅಂತ ಬೇರೆ ಅಂದಿದ್ದಾಳೆ. ಸಂತೋಷವಾಗಿ, ಸಾಲು ಎಳೆದು ಬರೆದಿದ್ದಾಳೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಂತಾರೆ. ಬೇಕಾಯಿತು ನೋಡಿ. ಗದ್ದ ಎತ್ತಿದರೆ ಮಾತ್ರ ಕಾಣುವ ಜಾಗ ಅದು. ವಾರವಿಡೀ ಯೂನಿಫಾರ್ಮಿನ ಗಟ್ಟಿ ಕಾಲರು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ, ಅವಳು ಮಲಗುವುದು ಅವನ ಎಡಕ್ಕೆ. ಗಂಟು ಇರುವುದು ಬಲಕ್ಕೆ. ಅದೂ ಅಲ್ಲದೆ ಯಾವ ಮನೆಯಲ್ಲಿ ಗಂಡ ಹೆಂಡತಿಯ ಎದುರು ಗದ್ದ ಎತ್ತಿ ನಿಲ್ಲುತ್ತಾನೆ, ಹೇಳಿ? (ಓದುಗರೇ, ನಿಮ್ಮ ಕೈ ಈಗ ಎಲ್ಲಿದೆ ಅಂತ ನನಗೆ ಗೊತ್ತು. ಕುತ್ತಿಗೆಯಿಂದ ತೆಗೆಯಿರಿ. ಇದು ಕಥೆ.)

ಆಮೇಲೆ ಅವಳಿಗೆ ಎರಡನೇ ಪೆಟ್ಟು ಬಿತ್ತು. ಸ್ಕೇಲು ಇದ್ದದ್ದು ಗಾಜಿನ ಮೇಲೆ. ಪ್ರತಿಬಿಂಬ ಗಾಜಿನ ಮೇಲೆ ಇರಲ್ಲ, ಮನುಷ್ಯ ಎಷ್ಟು ಈಚೆ ಇದ್ದಾನೋ ಅಷ್ಟೇ ಆಚೆ ಇರುವಂತೆ ಕಾಣುತ್ತದೆ. ದೂರ ಇಮ್ಮಡಿ, ಕಾಣುವ ಅಳತೆ ಅರ್ಧ. ಹಾಗಾದರೆ ಹನ್ನೊಂದು ಹನ್ನೊಂದಲ್ಲ.

ಪೆನ್ನು ತೆಗೆದು ಹನ್ನೊಂದು ಹೊಡೆದು ಹಾಕಿ ಇಪ್ಪತ್ತೆರಡು ಅಂತ ಬರೆದಳು. ಬರೆದ ಮೇಲೆ ಆ ಅಂಕಿಯನ್ನು ನೋಡಲಾಗದೆ ಹಾಳೆ ಬೋರಲು ಹಾಕಿದಳು.

ಇಲ್ಲಿಗೆ ಈ ಭಾಗ ಮುಗಿಸಿ ನಾನು ಎದ್ದು ಸ್ವಲ್ಪ ಅಡ್ಡಾಡಿ ಬರೋಣ ಅಂತಿದ್ದೆ. ಆಗ ಅವಳು ತಲೆ ಎತ್ತಿದಳು. ಗಂಡನ ಕಡೆಗಲ್ಲ. ನನ್ನ ಕಡೆಗೆ.

೬

"ಕಥೆಗಾರ್ರೇ, ಇಲ್ಲಿ ಬನ್ನಿ."

ಹೋದೆ.

"ಅವರ ಕುತ್ತಿಗೇಲಿ ಅದನ್ನ ಇಟ್ಟಿದ್ದು ನೀವಾ?"

ಸುಳ್ಳು ಹೇಳಬಹುದಿತ್ತು. ಹೊಟ್ಟೆಪಾಡೇ ಸುಳ್ಳು. ಆದರೆ ಅವಳು ನೋಡುತ್ತಿದ್ದ ರೀತಿಗೆ ಸುಳ್ಳು ಹೊರಡಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ನಿಮಗೂ ಹೇಳುತ್ತೇನೆ, ಬೈಯಬೇಡಿ.

ನಾನು ಬರೆಯಲು ಹೊರಟದ್ದು ಹವಳದ ಮೇಲೆ ಮೂರು ಗುಳ್ಳೆ ಎದ್ದ ಒಂದು ಹಗುರವಾದ ಕಥೆ. ಗಂಡನಿಗೆ ಸಂಭ್ರಮ, ಹೆಂಡತಿಗೆ ಹೇಸಿಗೆ, ಕೊನೆಗೆ ಇಬ್ಬರೂ ರಾಜಿ. ಆದರೆ ಅಳತೆಯ ಪಟ್ಟಿ ಬರೆಯುವಾಗ ಅವಸರದಲ್ಲಿ ಮೂರು ಸಾಲಿನ ಬದಲು ನಾಲ್ಕು ಸಾಲು ಬರೆದುಬಿಟ್ಟೆ. ಮಾರನೇ ದಿನ ಓದುವಾಗ ತಪ್ಪು ಕಂಡಿತು. ಒಂದು ಸಾಲು ಹೊಡೆದು ಹಾಕಿದ್ದರೆ ಮುಗಿಯುತ್ತಿತ್ತು. ನನಗೆ ತಲೆಹರಟೆ ಹೊಳೆಯಿತು: ತಿದ್ದುವುದು ಯಾಕೆ, ಈ ನಾಲ್ಕನೇದು ಏನಿರಬಹುದು ಅಂತ ಯೋಚಿಸಿದರೆ ಹೇಗೆ? ಯೋಚಿಸಿದೆ. ಅವನು ಗದ್ದ ಎತ್ತುವುದು ನೆನಪಾಯಿತು. ಕಿಟಕಿಯಿಂದ ಬಿಸಿಲು ಬಿಟ್ಟೆ.

ಅವಳು ಕೇಳಿಸಿಕೊಂಡಳು.

"ಅಂದ್ರೆ," ಅಂದಳು, "ಒಂದು ಸಾಲು ತಿದ್ದೋಕೆ ಸೋಮಾರಿತನ ಮಾಡಿ ನನ್ನ ಗಂಡನ ಕುತ್ತಿಗೆಗೆ ತಂದಿಟ್ರಾ?"

"ಸೋಮಾರಿತನ ಅಲ್ಲ ಅಕ್ಕಾ, ಅದಕ್ಕೆ ಸ್ಫೂರ್ತಿ ಅಂತಾರೆ."

"ನಿಮ್ಮ ಸ್ಫೂರ್ತಿಗೆ ಬೆಂಕಿ ಬೀಳ." ಇನ್ನೂ ಏನೇನೋ ಅಂದಳು. ಅಚ್ಚು ಹಾಕುವಂಥದ್ದಲ್ಲ. "ಈಗ ತಿದ್ದಿ. ನನ್ನ ಕಣ್ಣೆದುರೇ ತಿದ್ದಿ. ಮೂರು ಅಂತ ಮಾಡಿ."

ಹಿಂದಿನ ಪುಟಕ್ಕೆ ಹೋದೆ. ನಾಲ್ಕನೇ ಸಾಲಿನ ಮೇಲೆ ಪೆನ್ನು ಇಟ್ಟೆ. ಅಲ್ಲೇ ಕೈ ನಿಂತಿತು.

"ಯಾಕೆ ನಿಂತ್ರಿ?"

"ಅಕ್ಕಾ, ಫೋಟೊದಲ್ಲಿ ಅದು ಇದೆ. ಬಿಸಿಲು ಬಿದ್ದಾಗಿದೆ. ಓದೋರೂ ನೋಡಿಬಿಟ್ಟಿದ್ದಾರೆ. ಈಗ ಈ ಸಾಲು ಅಳಿಸಿದ್ರೆ ಗಂಟು ಹೋಗಲ್ಲ. ನಿಮಗೆ ಕಾಣೋದು ಹೋಗುತ್ತೆ, ಅಷ್ಟೇ."

ಅವಳು ಬಾಗಿಲ ಕಡೆ ನೋಡಿದಳು. ಪಕ್ಕದ ಕೋಣೆಯಲ್ಲಿ ಗಂಡ ಶಿಳ್ಳೆ ಹಾಕುತ್ತ ಟಾರ್ಚಿನ ಸೆಲ್ ಬದಲಿಸುತ್ತಿದ್ದ, ನಾಲ್ಕನೇ ಗುಳ್ಳೆ ಹುಡುಕಲು.

"ಬೇಡ," ಅಂದಳು ಕಡೆಗೆ. "ಇರ್ಲಿ. ಕಾಣ್ತಾ ಇರ್ಲಿ."

೭

"ರೀ, ಇಲ್ಲಿ ಬನ್ನಿ. ಗದ್ದ ಎತ್ತಿ."

ಗಂಡನ ಶಿಳ್ಳೆ ನಿಂತಿತು. ಬಾಗಿಲಲ್ಲಿ ನಿಂತು ಅವಳ ಮುಖ ನೋಡಿದ, ಪರದೆಯ ಮೇಲಿನ ಚಿತ್ರ ನೋಡಿದ. ಕೈ ತಾನಾಗಿಯೇ ಕುತ್ತಿಗೆಗೆ ಹೋಯಿತು, ಎಲ್ಲಿಗೆ ಹೋಗಬೇಕು ಅಂತ ಚೆನ್ನಾಗಿ ಗೊತ್ತಿದ್ದ ಕೈ.

"ಓ, ಇದಾ," ಅಂದ. "ಇದು ಎರಡು ಮೂರು ತಿಂಗಳಿಂದ ಇದೆ. ಶೇವಿಂಗ್ ಮಾಡುವಾಗ ಸಿಗುತ್ತೆ. ನೋವೇನಿಲ್ಲ ಕಣೇ, ಒಂಚೂರೂ ನೋವಿಲ್ಲ."

ನೋವಿಲ್ಲ ಅಂದದ್ದು ಸಮಾಧಾನಕ್ಕೆ. ಆದರೆ ಅವಳು ಕೆಲಸ ಮಾಡುವ ಕೋಣೆಯಲ್ಲಿ ನೋವಿದೆ ಅಂತ ಬಂದವರಿಗಿಂತ ನೋವಿಲ್ಲ ಅಂತ ನಗುತ್ತ ಬಂದವರ ಮೇಲೆ ಅವಳು ಹೆಚ್ಚು ಹೊತ್ತು ಯಂತ್ರ ಒತ್ತುತ್ತಾಳೆ. ಎರಡು ಬೆರಳಿಟ್ಟು ಮುಟ್ಟಿದಳು. ಗಟ್ಟಿಯಾಗಿತ್ತು. ಸರಿಸಿದರೆ ಸರಿಯಲಿಲ್ಲ.

"ನನಗೆ ಯಾಕೆ ಹೇಳ್ಲಿಲ್ಲ?" ದನಿ ಕಿರುಚಿದ ಹಾಗೆ ಬಂತು. "ಊರವರ ಗಂಟೆಲ್ಲಾ ನೋಡ್ತೀನಿ ನಾನು! ನಿಮ್ಮದು ನೋಡೋಕೆ ಮೀನಿನ ತೊಟ್ಟಿ ಬೇಕಾಯ್ತಾ?"

"ಹೇಳೋಣ ಅಂತಲೇ ಇದ್ದೆ." ಅವನು ನೆಲ ನೋಡಿದ. "ನೀನು ದಿನಾ ನಲವತ್ತು ಜನರದ್ದು ನೋಡಿ ಬರ್ತೀಯ. ಬಂದು ಚಪ್ಪಲಿ ಬಿಟ್ಟು ಆ ಕುರ್ಚೀಲಿ ಕೂತು ಹತ್ತು ನಿಮಿಷ ಕಣ್ಣು ಮುಚ್ತೀಯ. ಮನೇಲೂ ಇನ್ನೊಂದು ಯಾಕೆ ಅಂತ."

ಅವಳಿಗೆ ಅಳು ಒತ್ತಿಕೊಂಡು ಬಂತು, ಸಿಟ್ಟೂ ಬಂತು. ಎರಡರಲ್ಲಿ ಸಿಟ್ಟನ್ನು ಆರಿಸಿಕೊಂಡಳು. "ನಾಳೆ ಬೆಳಿಗ್ಗೆ ನನ್ನ ಜೊತೆ ಬರ್ತೀರಿ."

"ನಾಳೆ ಎರಡು ಲಿಫ್ಟ್ ಸರ್ವಿಸ್ ಇದೆ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ತಗೋತೀಯಾ? ಒಂದು ವಾರ ನೋಡೋಣ."

"ನಿಮ್ಮ ಲಿಫ್ಟಿನ ಹಗ್ಗದಲ್ಲಿ ನಾಲ್ಕು ಎಳೆ ಕಿತ್ತಿದ್ರೆ ಒಂದು ವಾರ ನೋಡೋಣ ಅಂತೀರಾ?"

"ಹಗ್ಗದ ವಿಷ್ಯ ಬೇರೆ. ಅದ್ರಲ್ಲಿ ಜನ ಹೋಗ್ತಾರೆ."

"ಇದ್ರಲ್ಲಿ ನಾನಿದ್ದೀನಿ ಕಣ್ರೀ."

ಅವನು ಫೋನು ತೆಗೆದು, ಆ ಎರಡು ಕಟ್ಟಡಗಳಿಗೂ ನಾಳೆ ಬರುವುದಿಲ್ಲ ಅಂತ ಹೇಳಿದ. ಲಿಫ್ಟ್ ಬಂದ್ ಮಾಡಿ ಬೋರ್ಡ್ ಹಾಕಿಡಿ, ಯಾರೂ ಹತ್ತಬಾರದು ಅಂತಲೂ ಎರಡೆರಡು ಸಲ ಹೇಳಿದ.

೮

ಈಗ ನನ್ನ ಕೆಲಸ ಅಂತ್ಯ ಕೊಡುವುದು. ಅಂಗಡಿಯವನ ಹಾಗೆ ಅವಳ ಮುಂದೆ ಎರಡು ಬಿಚ್ಚಿಟ್ಟೆ.

(ಅ) ಅದು ಬರೀ ನೀರಿನ ಗಂಟು. ಸೂಜಿ ಹಾಕಿ ಎಳೆದರು, ಇಳಿಯಿತು. ಮುಂದಿನ ಭಾನುವಾರ ಹತ್ತು ಗಂಟೆಗೆ ಗಂಡ ಗದ್ದ ಎತ್ತಿ ಫೋಟೊ ಹೊಡೆದ. ಹೆಂಡತಿ ಎಣಿಸಿದಳು: ಮೂರೇ ಗುಳ್ಳೆ. ಇಬ್ಬರೂ ನಕ್ಕರು.

ಅವಳು ಇದನ್ನು ಎರಡು ಸಲ ಓದಿದಳು. ಎರಡನೇ ಸಲ ಓದುವಾಗ ತುಟಿ ಅಲುಗುತ್ತಿತ್ತು.

"ಇದು ಆಗ್ಲಿ ಅಂತ ನನಗೆಷ್ಟು ಆಸೆ ಇದೆ ಅಂತ ನಿಮಗೆ ಗೊತ್ತಿಲ್ಲ," ಅಂದಳು. "ಆದ್ರೆ ನಾನು ಮುಟ್ಟಿ ನೋಡಿದ್ದೀನಿ. ನೀವು ಮುಟ್ಟಿಲ್ಲ."

(ಆ) ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆರು ತಿಂಗಳು. ಆಮೇಲೆ ಹವಳ ನೋಡಿಕೊಳ್ಳುವುದನ್ನು ಅವಳು ಕಲಿತಳು. ಭಾನುವಾರ ಹತ್ತಕ್ಕೆ ಮಂಡಿಯೂರಿ ಫೋಟೊ ಹೊಡೆದಳು. ಗಾಜಿನ ಮೇಲೆ ಈಗ ಅವಳದೊಂದೇ ಪ್ರತಿಬಿಂಬ.

ಇದು ಬರೆದಾಗ ನನಗೇ ಕಣ್ಣು ತುಂಬಿ ಬಂತು. (ನನ್ನ ಬರಹಕ್ಕೆ ನಾನೇ ಅಳುವುದು ಹಳೇ ದುಶ್ಚಟ.) ಚೆನ್ನಾಗಿದೆ, ಬಹುಮಾನಕ್ಕೆ ಕಳಿಸಬಹುದು ಅಂತಲೂ ಅನಿಸಿತು. ಅವಳು ಓದಿ ಮುಗಿಸಿ ಹಾಳೆಯನ್ನು ನಾಲ್ಕು ತುಂಡು ಮಾಡಿದಳು.

"ನಿಮ್ಮ ಕಥೆ ಚೆನ್ನಾಗಾಗ್ಲಿ ಅಂತ ನನ್ನ ಗಂಡ ಸಾಯ್ಬೇಕಾ?"

ಇಪ್ಪತ್ತು ವರ್ಷದಲ್ಲಿ ಎಷ್ಟು ಜನರನ್ನು ಕೊನೇ ಪುಟದಲ್ಲಿ ಸಾಯಿಸಿದ್ದೇನೆ ಅಂತ ಎಣಿಸಲು ಹೋಗಿ, ಹನ್ನೆರಡಕ್ಕೆ ಗಾಬರಿಯಾಗಿ ನಿಲ್ಲಿಸಿದೆ. ಅವರ ಹೆಂಡತಿಯರು ಯಾರೂ ಎದ್ದು ಬಂದು ಕೇಳಿರಲಿಲ್ಲ.

"ಮೂರನೇದು ನಾನು ಹೇಳ್ಲಾ?" ಅಂದ ಗಂಡ. ಅವನು ಅಲ್ಲಿ ನಿಂತಿದ್ದು ನಾವಿಬ್ಬರೂ ನೋಡಿರಲಿಲ್ಲ. "ಎರಡು ಮಹಡಿ ಮಧ್ಯೆ ಲಿಫ್ಟ್ ನಿಂತುಬಿಡುತ್ತಲ್ಲ, ಒಳಗಿದ್ದೋರು ಸತ್ತೇ ಹೋದ್ವಿ ಅಂತ ಬಡ್ಕೋತಾರೆ. ನಾನು ನೋಡಿದ ಮಟ್ಟಿಗೆ ಹಾಗೆ ನಿಂತ ಲಿಫ್ಟಲ್ಲಿ ಯಾರೂ ಸತ್ತಿಲ್ಲ. ಭಯ ಒಂದೇ. ಅಲ್ಲೇ ನಿಲ್ಸಿಬಿಡಿ."

"ನಿಮ್ಮನ್ನ ಯಾರು ಕೇಳಿದ್ರು," ಅಂತ ಹೆಂಡತಿ ಗದರಿದಳು. ಗದರುತ್ತಲೇ ಹೋಗಿ ಅವನ ಪಕ್ಕ ನಿಂತಳು. ಬಲಕ್ಕೆ.

೯

ಸೋಮವಾರ ಬೆಳಿಗ್ಗೆ ಎಂಟೂವರೆ. ಸ್ಕ್ಯಾನಿಂಗ್ ಕೋಣೆ. ಸ್ವಂತದವರನ್ನು ಸ್ವಂತ ಕೈಯಿಂದ ನೋಡಬಾರದು ಅನ್ನೋದು ಅಲ್ಲಿನ ಪದ್ಧತಿ. ಕೈ ನಡುಗುತ್ತೆ, ಕಣ್ಣು ಮೋಸ ಮಾಡುತ್ತೆ. "ಬೇರೆಯವರು ಮಾಡ್ಲಿ ಅಕ್ಕಾ," ಅಂದರು ಹಿರಿಯ ಡಾಕ್ಟರು. "ಇಪ್ಪತ್ತೆರಡು ವಾರ ನಾನೇ ಅಳೆದಿದ್ದೀನಿ ಸರ್, ಇದೊಂದು ಬಾಕಿ," ಅಂದಳು. ಡಾಕ್ಟರು ಏನೂ ಅರ್ಥವಾಗದೆ ದಾರಿ ಬಿಟ್ಟರು.

ಗಂಡ ಮಂಚದ ಮೇಲೆ ಮಲಗಿ ಗದ್ದ ಎತ್ತಿದ. ನಾನೂ ಒಳಗೆ ಹೆಜ್ಜೆ ಇಟ್ಟೆ. ಕಥೆಗಾರನಲ್ಲವೇ, ಎಲ್ಲಾ ಕಡೆ ಪ್ರವೇಶ ಉಂಟು ಅಂತ ನನ್ನ ಎಣಿಕೆ.

"ನೀವು ಹೊರಗೆ," ಅಂದಳು.

"ನಾನಿಲ್ಲದೆ ಹೇಗೆ ಅಕ್ಕಾ? ಏನು ಕಂಡಿತು ಅಂತ ಬರೆಯೋರು ಯಾರು?"

"ಯಾರೂ ಬರೀಬೇಡಿ."

ಬಾಗಿಲು ಮುಚ್ಚಿಕೊಂಡಿತು. ಕಾರಿಡಾರಿನ ಬೆಂಚಿನ ಮೇಲೆ ಕೂತೆ. ನೀವೂ ನನ್ನ ಪಕ್ಕ ಕೂತಿದ್ದೀರಿ. ಈ ಬೆಂಚಿನ ಮೇಲೆ ಕೂತವರಿಗೆಲ್ಲ ಒಂದೇ ಕಾಯಿಲೆ: ಬಾಗಿಲು ನೋಡುವುದು. ಎದುರಿನ ಗೋಡೆಯ ಮೇಲೆ ಮೌನವಾಗಿರಿ ಅಂತ ಬರೆದ ಫಲಕವನ್ನು ಹದಿನೇಳು ಸಲ ಓದಿದೆ. ಆಧುನಿಕೋತ್ತರ ಕಥೆ ಬರೆಯುತ್ತೇನೆ, ಅಂತ್ಯ ಅನ್ನೋದೇ ಹಳೇ ಮೂಢನಂಬಿಕೆ ಅಂತ ಸಭೆಗಳಲ್ಲಿ ಭಾಷಣ ಮಾಡಿದವನು ನಾನು. ಈಗ ಆ ಬಾಗಿಲ ಸಂದಿಗೆ ಕಿವಿ ಕೊಟ್ಟಿದ್ದೆ. ನಾಚಿಕೆಯಾಯಿತು, ಆದರೂ ಕಿವಿ ತೆಗೆಯಲಿಲ್ಲ.

ಬಾಗಿಲು ಒಂದು ಗೇಣು ತೆರೆಯಿತು. ಅವಳೇ. ಕೈಯಲ್ಲಿ ಒಂದು ಫಾರಂ.

"ಏನು ಕಂಡಿತು?" ಅಂತ ಎದ್ದು ನಿಂತೆ.

"ಇನ್ನೂ ಶುರು ಮಾಡಿಲ್ಲ. ಇದು ತುಂಬದೆ ಮೆಷಿನ್ ಮುಂದಕ್ಕೆ ಹೋಗಲ್ಲ. ಅವರ ವಯಸ್ಸು ಎಷ್ಟು? ಎಲ್ಲೂ ಬರೆದೇ ಇಲ್ಲ ನೀವು."

ಹೌದಲ್ಲ. ಮರೆತಿದ್ದೆ. "ಐವತ್ತು, ಐವತ್ತೊಂದು ಇರಬಹುದು."

"ಎಂಬತ್ತಾರು ಅಂತ ಬರೀರಿ."

"ಅಕ್ಕಾ!"

"ಎಂಬತ್ತಾರು."

"ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ ಅಂತ ಬರೆದಾಗಿದೆ. ಮನುಷ್ಯ ಇನ್ನೂ ಲಿಫ್ಟ್ ರಿಪೇರಿ ಮಾಡ್ತಿದ್ದಾನೆ. ಎಂಬತ್ತಾರು ಅಂದ್ರೆ ಓದೋರು ನಗಲ್ವಾ?"

"ನಗ್ಲಿ."

"ಕಥೆ ಕೆಟ್ಟುಹೋಗುತ್ತೆ ಅಕ್ಕಾ."

"ಕೆಡ್ಲಿ." ಅವಳ ಕೈಗವಸಿನ ಮೇಲೆ ಆಗಲೇ ಜೆಲ್ ಇತ್ತು. ಫಾರಂ ನನ್ನತ್ತ ಚಾಚಿದಳು. "ಒಂದು ತಪ್ಪು ಬರೆದು ನನ್ನ ಮನೆಗೆ ಇದನ್ನ ತಂದ್ರಿ. ನಾನು ಇರ್ಲಿ ಅಂದೆ. ಈಗ ನನಗೋಸ್ಕರ ಇನ್ನೊಂದು ತಪ್ಪು ಬರೀರಿ. ನೀವು ಬರೆದಿದ್ದೇ ಆಗೋದಾದ್ರೆ ಅಷ್ಟು ವರ್ಷ ಅವರು ಇರ್ಲೇಬೇಕಲ್ಲ."

ಒಳಗಿನಿಂದ ಗಂಡನ ದನಿ ಬಂತು: "ಏನೇ, ಕುತ್ತಿಗೆ ನೋಯ್ತಿದೆ ಗದ್ದ ಎತ್ತಿ ಎತ್ತಿ. ಎಷ್ಟೊತ್ತು?"

"ಬಂದೆ ರೀ," ಅಂದಳು, ತಿರುಗದೆ. ಕಣ್ಣು ನನ್ನ ಪೆನ್ನಿನ ಮೇಲೇ ಇತ್ತು.

ಫಾರಂ ತೆಗೆದುಕೊಂಡೆ. ವಯಸ್ಸು ಅನ್ನುವ ಕಡೆ ಎಂಟು ಬರೆದೆ. ಬರೆದು ಅವಳ ಮುಖ ನೋಡಿದೆ.

"ಪೂರ್ತಿ ಬರೀರಿ," ಅಂದಳು.